ಹತ್ತು ನಿಮಿಷ ಮುಂಚೆ ಹೊಡೆದ ಗಂಟೆ

ಗಂಟೆ ಹೊಡೆಯುವಾಗ ಅವರು ಎಡಗಿವಿಯನ್ನು ಎಡಭುಜಕ್ಕೆ ಒತ್ತಿಕೊಳ್ಳುತ್ತಿದ್ದರು. ಬಲಗೈಯಲ್ಲಿ ಗೇಣುದ್ದದ ಕಬ್ಬಿಣದ ಬೋಲ್ಟು, ಎದುರಿಗೆ ಹೊಂಗೆಮರಕ್ಕೆ ಸರಪಳಿಯಿಂದ ತೂಗುಹಾಕಿದ ರೈಲು ಕಂಬಿಯ ತುಂಡು. ಕೊನೆಯ ಏಟು ಹೊಡೆದ ಮೇಲೆ ಬೋಲ್ಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಆ ಸರಪಳಿಯ ಮೇಲೆ ಎರಡು ಬೆರಳಿಟ್ಟು ನಿಲ್ಲುತ್ತಿದ್ದರು. ಮೇಷ್ಟ್ರುಗಳೆಲ್ಲ ಕ್ಲಾಸು ಬದಲಿಸಿ, ಹುಡುಗರ ಗದ್ದಲ ಅಡಗಿ, ಪಾಠ ಶುರುವಾದ ಮೇಲೂ ಅವರು ಅಲ್ಲೇ ಇರುತ್ತಿದ್ದರು. ಕಬ್ಬಿಣ ಅದುರುವುದು ಪೂರ್ತಿ ನಿಂತ ಮೇಲೆಯೇ ಬೆರಳು ತೆಗೆಯುವುದು.

ಅವರು ನಮ್ಮ ಶಾಲೆಯ ಜವಾನರು. ಮಕ್ಕಳು ಗಂಟೆ ತಾತ ಎನ್ನುತ್ತಿದ್ದರು. ಕೆಲಸಕ್ಕೆ ಸೇರಿದ ವಾರದಲ್ಲೇ ನನಗೂ ಅವರು ತಾತನೇ ಆದರು. ತೊಂಬತ್ತರ ದಶಕದ ನಡುವಿನ ಮಾತು. ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿಗೆ ನಾನು ಹೊಸದಾಗಿ ಗಣಿತದ ಟೀಚರಾಗಿ ಬಂದಿದ್ದೆ. ತಾತ ಭೀಮನಬೀಡಿನವರು, ದಿನಾ ಸೈಕಲ್ಲಿನಲ್ಲಿ ಬರುತ್ತಿದ್ದರು. ಕೈಗೆ ಗಡಿಯಾರ ಕಟ್ಟಿದವರಲ್ಲ. ಹೆಡ್ಮಾಸ್ಟರ ಕೋಣೆಯ ಗೋಡೆ ಗಡಿಯಾರವನ್ನು ಪಿರೀಡಿಗೆ ಒಂದು ಸಲ ಬಾಗಿಲಿಂದಲೇ ಇಣುಕಿ ನೋಡುತ್ತಿದ್ದರು, ಅಷ್ಟೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಅವರ ಗಂಟೆ ಹಿಂದುಮುಂದಾಗಿರಲಿಲ್ಲವೆಂದು ಊರವರು ಹೇಳುತ್ತಿದ್ದರು.

ನನ್ನ ಮನೆ ಚಾಮರಾಜನಗರದಲ್ಲಿ. ದಿನಾ ಬೆಳಿಗ್ಗೆ ಹತ್ತು ತಿಂಗಳ ಮಗಳನ್ನು ಹರದನಹಳ್ಳಿಯಲ್ಲಿ ಅಮ್ಮನ ಹತ್ತಿರ ಬಿಟ್ಟು, ಗುಂಡ್ಲುಪೇಟೆಗೆ ಬಂದು, ಅಲ್ಲಿಂದ ಈರುಳ್ಳಿ ಲಾರಿಗಳ ಹಿಂದೆ ತೆವಳುವ ಇನ್ನೊಂದು ಬಸ್ಸು ಹಿಡಿದು ಶಾಲೆ ಸೇರಬೇಕಿತ್ತು. ಬೋರ್ಡಿನ ಮೇಲೆ ಲೆಕ್ಕ ಬಿಡಿಸುವಾಗ ಮಗಳ ಅಳು ಕೇಳಿಸುತ್ತಿತ್ತು. ಮಗಳಿಗೆ ಹಾಲು ಕುಡಿಸುವಾಗ ಮಾರನೆಯ ದಿನದ ಪಾಠ ತಲೆಗೆ ಬರುತ್ತಿತ್ತು. ಪ್ರೊಬೇಷನ್ ಬೇರೆ ಮುಗಿದಿರಲಿಲ್ಲ. ಕಾರಣವಿಲ್ಲದೆ ಎದೆ ಡವಗುಟ್ಟಿ, ಕೈ ಬೆವರಿ, ಸೀಮೆಸುಣ್ಣ ಜಾರಿ ಬೀಳುತ್ತಿತ್ತು. ಡಾಕ್ಟರು ಪರೀಕ್ಷೆ ಮಾಡಿ, "ಹೃದಯ ಚೆನ್ನಾಗಿದೆ, ಟೆನ್ಷನ್ ಕಡಿಮೆ ಮಾಡ್ಕೊಳಿ" ಎಂದರು. ಹೇಗೆ ಎಂಬುದನ್ನು ಚೀಟಿಯಲ್ಲಿ ಬರೆದುಕೊಡಲಿಲ್ಲ.

ಒಂದು ದಿನ ಸ್ಟಾಫ್ ರೂಮಿನಲ್ಲಿ ಒಬ್ಬಳೇ ಕೂತು ಸೆರಗಿನಿಂದ ಮುಖ ಒತ್ತಿಕೊಳ್ಳುತ್ತಿದ್ದೆ. ತಾತ ಒಂದು ಲೋಟ ನೀರು ತಂದಿಟ್ಟರು.

"ಈಗ ಯಾವ ಪಿರೀಡು ಮೇಡಮ್ಮೋರೆ?"

"ಮೂರನೇದು ಮುಗೀತಿದೆ. ಯಾಕೆ ತಾತ?"

"ನಾಕ್ನೇದು ಎಲ್ಲದೆ ನಿಮಗೆ?"

"ಒಂಬತ್ತನೇ ಕ್ಲಾಸು."

"ಅಂಗಾರೆ ಒಂಬತ್ನೇ ಕ್ಲಾಸಿಗೆ ಓಗಿ. ಮಗು ಅವರಜ್ಜಿ ತೊಡೆ ಮ್ಯಾಲದೆ. ನೀವು ಇಲ್ಲಿ ಕುಂತು ಅತ್ರೆ ಅದ್ಕೆ ಅಲ್ಲಿ ಒಟ್ಟೆ ತುಂಬ್ತದಾ? ನೋಡ್ರವ್ವ, ಇಸ್ಕೂಲಿಗೆ ದಿನುಕ್ಕೆ ಎಂಟು ಪಿರೀಡು. ಎಂಟೂ ಒಂದೇ ಸಲುಕ್ಕೆ ಒಡುದ್ಬುಟ್ರೆ ಐಕ್ಳು ಎಲ್ಲಿಗೋಗವು? ಅದ್ಕೆ ನಾನು ಒಂದ್ಸಲುಕ್ಕೆ ಒಂದೇ ಒಡೆಯದು. ನೀವು ತಲೆ ಒಳ್ಗೆ ಎಂಟ್ನೂವೆ ಒಟ್ಗೆ ಒಡ್ಕಂಡು ಕುಂತಿದ್ದೀರ."

ನನಗೆ ಒಳಗೊಳಗೇ ಸಿಟ್ಟು ಬಂತು. ಬಿ.ಎಡ್.ನಲ್ಲಿ ಮನೋವಿಜ್ಞಾನ ಓದಿದವಳಿಗೆ ನೀರು ತಂದುಕೊಡುವವರು ಬುದ್ಧಿ ಹೇಳುವುದೇ ಎಂದುಕೊಂಡೆ. ಹಾಗೆ ಅಂದುಕೊಂಡಿದ್ದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಆದರೂ ಹೊರಗೆ ಬಂದು ಕ್ಲಾಸಿನ ಬಾಗಿಲಲ್ಲಿ ನಿಂತೆ. ಅಂಗಳದಲ್ಲಿ ಅವರು ಗಂಟೆ ಹೊಡೆದರು. ಸರಪಳಿಯ ಮೇಲಿನ ಬೆರಳುಗಳನ್ನು ಅವರು ತೆಗೆಯುವ ತನಕ ಸದ್ದನ್ನೇ ಕೇಳುತ್ತಾ ನಿಂತು, ಆಮೇಲೆ ಒಳಗೆ ಹೋದೆ. ಅವತ್ತು ಸೀಮೆಸುಣ್ಣ ಕೈಯಿಂದ ಜಾರಲಿಲ್ಲ.

ಅದೇ ಅಭ್ಯಾಸವಾಯಿತು. ಪ್ರತಿ ಗಂಟೆಗೂ ಬಾಗಿಲಲ್ಲಿ ನಿಲ್ಲುವುದು, ಸದ್ದು ಪೂರ್ತಿ ಇಂಗಿದ ಮೇಲೆ ಒಳಗೆ ಕಾಲಿಡುವುದು. ನಾಲ್ಕೈದು ತಿಂಗಳಲ್ಲಿ ಎದೆಯ ಡವಡವ ತಾನಾಗಿ ತಗ್ಗಿತು. ಆಮೇಲೆ ಕನ್ನಡ ಮೇಷ್ಟ್ರಿಂದ ಒಂದು ವಿಷಯ ತಿಳಿಯಿತು. ತಾತನ ಹೆಂಡತಿ ಪಾರ್ಶ್ವವಾಯುವಾಗಿ ಆರು ವರ್ಷದಿಂದ ಹಾಸಿಗೆ ಹಿಡಿದಿದ್ದರು. ದಿನಾ ಬೆಳಿಗ್ಗೆ ಆಕೆಗೆ ಮೈ ತೊಳೆಸಿ, ಸೀರೆ ಉಡಿಸಿ, ಮುದ್ದೆ ಕಿವುಚಿ ತಿನ್ನಿಸಿ ತಾತ ಸೈಕಲ್ ಹತ್ತುತ್ತಿದ್ದರು. ಶಾಲೆಯಲ್ಲಿ ಒಂದು ದಿನವೂ ಅದರ ಸುದ್ದಿ ಎತ್ತಿದವರಲ್ಲ. ನಾನೂ ಕೇಳಿರಲಿಲ್ಲ.

ಇಷ್ಟೇ ಆಗಿದ್ದರೆ ಇದನ್ನು ಸಂತೋಷದಿಂದ ಬರೆಯುತ್ತಿದ್ದೆ.

ಅದೊಂದು ಶುಕ್ರವಾರ. ಬೆಳಿಗ್ಗೆ ಮನೆ ಬಿಡುವಾಗ ಮಗಳ ಹಣೆ ಮುಟ್ಟಿದ್ದೆ, ಬಿಸಿ ಎನ್ನಿಸಿತ್ತು. ಮಧ್ಯಾಹ್ನದ ಹೊತ್ತಿಗೆ ಆ ಬಿಸಿ ನನ್ನ ತಲೆಯಲ್ಲಿ ದೊಡ್ಡ ಜ್ವರವಾಗಿ, ಜ್ವರ ಫಿಟ್ಸ್ ಆಗಿ ಬೆಳೆದಿತ್ತು. ಕೊನೆಯ ಗಂಟೆ ನಾಲ್ಕೂವರೆಗೆ. ಶಾಲೆಯ ಊರಿನ ಕ್ರಾಸಿಗೆ ಬಸ್ಸು ಬರುತ್ತಿದ್ದುದೂ ನಾಲ್ಕೂವರೆಗೇ. ಅದು ತಪ್ಪಿದರೆ ಆರರ ಬಸ್ಸು. ಹೆಡ್ಮಾಸ್ಟರು ಮೀಟಿಂಗಿಗೆ ಹೋಗಿದ್ದರು. ಬೇಗ ಹೋಗುತ್ತೇನೆಂದು ಇನ್‌ಚಾರ್ಜ್ ಮೇಷ್ಟ್ರನ್ನು ಕೇಳಬಹುದಿತ್ತು. ಪ್ರೊಬೇಷನ್ನಿನವಳು ಬೇಗ ಹೋದಳೆಂದು ಬರೆದಿಟ್ಟರೆ ಎಂಬ ಹೆದರಿಕೆ. ಮಕ್ಕಳಿಗೆ ಲೆಕ್ಕ ಕೊಟ್ಟು ಮರದ ಹತ್ತಿರ ಹೋದೆ.

"ತಾತ, ಇವತ್ತೊಂದಿನ ಹತ್ತು ನಿಮಿಷ ಮುಂಚೆ ಹೊಡೆದುಬಿಡಿ. ಮಗುಗೆ ಜ್ವರ."

ಅವರು ನನ್ನ ಮುಖ ನೋಡಿದರು. "ಬ್ಯಾಡಿ ಕಣವ್ವ. ನೀವು ಓಗಿ. ಕ್ಲಾಸ್ ತಾವ ನಾನು ನಿಂತ್ಕತೀನಿ."

"ಯಾರಾದ್ರೂ ಕೇಳಿದ್ರೆ? ಗಂಟೆ ಆದ್ರೆ ಎಲ್ಲರೂ ಹೋಗ್ತಾರೆ, ನನ್ನೊಬ್ಬಳನ್ನೇ ಯಾರೂ ಕೇಳಲ್ಲ." ಅಳು ಬಂತು. ಸುಳ್ಳು ಅಳುವಲ್ಲ, ಆದರೆ ಅದು ಕೆಲಸಕ್ಕೆ ಬರುತ್ತದೆಂದು ನನಗೆ ಗೊತ್ತಿತ್ತು.

ತಾತ ಬೋಲ್ಟು ಎತ್ತಿಕೊಂಡರು. ಹೊಡೆದ ಮೇಲೆ ಸರಪಳಿ ಮುಟ್ಟದೆ, ಬೆನ್ನು ತಿರುಗಿಸಿ ಬಾಗಿಲುಗಳನ್ನು ಹಾಕಲು ಹೊರಟುಹೋದರು.

ಬಸ್ಸು ಸಿಕ್ಕಿತು. ಅದಕ್ಕೆ ಮುಂಚೆ ಕ್ರಾಸಿನಲ್ಲಿ ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದಾಗ ಇಲಾಖೆಯ ಜೀಪೊಂದು ಶಾಲೆಯ ರಸ್ತೆಗೆ ತಿರುಗಿದ್ದು ಕಂಡಿತು. ಅಮ್ಮನ ಮನೆಗೆ ಬಂದು ನೋಡಿದರೆ ಮಗಳು ಅಡುಗೆಮನೆಯಲ್ಲಿ ಸೌಟು ಬಡಿದು ಆಡುತ್ತಿದ್ದಳು. ಮೈ ತಣ್ಣಗಿತ್ತು.

ಮಾರನೆಯ ಬೆಳಿಗ್ಗೆ ಹೆಡ್ಮಾಸ್ಟರು ಎಲ್ಲರನ್ನೂ ಕೋಣೆಗೆ ಕರೆದರು. ಅನಿರೀಕ್ಷಿತ ಭೇಟಿಗೆ ಬಂದ ಸಾಹೇಬರು ನಾಲ್ಕೂ ಇಪ್ಪತ್ತೈದಕ್ಕೆ ಖಾಲಿ ಶಾಲೆ ನೋಡಿ, ಗರಂ ಆಗಿ ಬರೆದುಹೋಗಿದ್ದರು.

"ಗಂಟೆ ಹೊಡಿ ಅಂತ ಯಾರು ಹೇಳಿದ್ದು?"

ತಾತ ನೆಲ ನೋಡುತ್ತಾ ನಿಂತಿದ್ದರು. "ಯಾರೂ ಯೋಳ್ನಿಲ್ಲ ಸಾ. ನಾನೇ ಗಡಿಯಾರ ತೆಪ್ಪಾಗಿ ನೋಡ್ಬುಟ್ಟೆ."

"ಇಪ್ಪತ್ತೆರಡು ವರ್ಷ ಇಲ್ಲದ್ದು ನೆನ್ನೆ ಕಣ್ಣು ಕಾಣಲಿಲ್ವಾ? ಇನ್ಯಾರಿಗಾದ್ರೂ ಗೊತ್ತೇನ್ರೀ?" ಅವರು ನಮ್ಮೆಲ್ಲರ ಮುಖವನ್ನೂ ನೋಡಿದರು.

ನಾನು ಬೀರುವಿನ ಪಕ್ಕದಲ್ಲಿದ್ದೆ. 'ನಾನೇ ಸಾರ್ ಹೇಳಿದ್ದು' ಎಂಬ ಮಾತು ನಾಲಿಗೆಯ ಮೇಲಿತ್ತು. ಅಷ್ಟರಲ್ಲಿ ನನ್ನ ರಿಪೋರ್ಟು, ನನ್ನ ಕೆಲಸ, ಅತ್ತೆ ಮನೆಯವರ ಮಾತು, ಎಲ್ಲಿಗೋ ಆಗಬಹುದಾದ ವರ್ಗ, ಎಲ್ಲ ಗಂಟೆಗಳೂ ತಲೆಯಲ್ಲಿ ಒಟ್ಟಿಗೆ ಹೊಡೆದವು. ಇನ್ನೂ ಆಗದೇ ಇದ್ದುದಕ್ಕೆಲ್ಲ ಹೆದರಿ, ನನ್ನ ಮುಂದೆ ಆಗುತ್ತಿದ್ದುದಕ್ಕೆ ಬಾಯಿ ಬಿಡಲಿಲ್ಲ. ಮಾತಾಡಬೇಕಾದ ಕ್ಷಣ ಅದೊಂದೇ ಇತ್ತು, ಅದು ಮುಗಿದುಹೋಯಿತು. ಹೆಡ್ಮಾಸ್ಟರು ಬೋಲ್ಟನ್ನು ಮೇಜಿನ ಮೇಲಿಡಲು ಹೇಳಿದರು. "ಇನ್ಮೇಲೆ ಗಂಟೆ ನೀನು ಮುಟ್ಟಬೇಡ."

ಅಂದಿನಿಂದ ತಾತ ನೀರು ಹೊತ್ತರು, ಕಸ ಗುಡಿಸಿದರು. ಗಂಟೆ ಹೊಡೆಯುವುದು ಡ್ರಿಲ್ ಮೇಷ್ಟ್ರ ಕೆಲಸವಾಯಿತು. ಅವರು ನೆನಪಾದಾಗ ಎರಡು ಬಡಿದು ಓಡುತ್ತಿದ್ದರು. ಆಗೆಲ್ಲ ತಾತ ವರಾಂಡದಲ್ಲಿ ಪೊರಕೆ ಹಿಡಿದುಕೊಂಡೇ ಎಡಗಿವಿಯನ್ನು ಭುಜಕ್ಕೆ ಒತ್ತಿಕೊಳ್ಳುತ್ತಿದ್ದುದನ್ನು ಎಷ್ಟೋ ಸಲ ಕಂಡಿದ್ದೇನೆ. ಆ ಸೋಮವಾರ ನೀರಿನ ಲೋಟ ಇಡುತ್ತಾ ಅವರು ಕೇಳಿದ್ದು ಒಂದೇ ಮಾತು.

"ಮಗಿಗೆ ಜರ ಬುಡ್ತೇನವ್ವ?"

"ಬಿಡ್ತು ತಾತ" ಎಂದೆ. ಬಾರದ ಜ್ವರ ಬಿಟ್ಟಿತೆಂದು ಅವರ ಮುಖ ನೋಡಿಕೊಂಡೇ ಹೇಳಿದೆ.

ಎರಡು ವರ್ಷಕ್ಕೆ ಅವರು ನಿವೃತ್ತರಾದರು. ನನ್ನ ಪ್ರೊಬೇಷನ್ ಸುಸೂತ್ರವಾಗಿ ಮುಗಿದು, ಚಾಮರಾಜನಗರಕ್ಕೇ ವರ್ಗವೂ ಆಯಿತು. ಹೇಳಿಬಿಡಬೇಕೆಂದು ದಿನಾ ಅಂದುಕೊಂಡೆ, ದಿನಾ ನಾಳೆಗಿಟ್ಟೆ. ದಶಕದ ಕೊನೆಗೆ ತಾತನಿಗೆ ಹುಷಾರಿಲ್ಲವೆಂದು ಕನ್ನಡ ಮೇಷ್ಟ್ರು ಹೇಳಿದ ಮೇಲೆ, ಒಂದು ಭಾನುವಾರ ಕಿತ್ತಳೆಹಣ್ಣು ಹಿಡಿದು ಭೀಮನಬೀಡಿಗೆ ಹೋದೆ. ಹೆಂಡತಿ ತೀರಿಕೊಂಡಿದ್ದರು. ತಾತ ಜಗಲಿಯಲ್ಲಿ ಚಾಪೆಯ ಮೇಲಿದ್ದರು. ಕೈಯೆಂದರೆ ಬರೀ ಮೂಳೆ. ನನ್ನನ್ನು ಕಂಡು ಎದ್ದು ಕೂತರು, ಮಗಳು ಎಷ್ಟನೇ ಕ್ಲಾಸೆಂದು ಕೇಳಿದರು. ಸೊಸೆ ಕಾಫಿ ಕೊಟ್ಟು ಒಳಗೆ ಹೋದಳು. ಜಗಲಿಯಲ್ಲಿ ನಾವಿಬ್ಬರೇ ಇದ್ದೆವು.

"ತಾತ, ಅವತ್ತು..." ಎಂದೆ. ಆಗ ಬೀದಿಯ ಕೊನೆಯಲ್ಲಿ ಬಸ್ಸಿನ ಹಾರನ್ ಕೇಳಿತು. ನನ್ನ ಕಣ್ಣು ಕೈಗಡಿಯಾರಕ್ಕೆ ಹೋಯಿತು. ಅವರು ಅದನ್ನು ನೋಡಿದರು.

"ಬಸ್ಸು ಬಂತು," ಎಂದೆ. "ಇನ್ನೊಂದ್ಸಲ ಬರ್ತೀನಿ ತಾತ. ನಿಮ್ಮ ಹತ್ರ ಒಂದು ಮಾತಿದೆ."

"ಇನ್ನೊಂದ್ಸಲ ಯಾಕವ್ವ, ಈಗ್ಲೇ ಆಡ್ಬುಡಿ. ಕುಂತಿದ್ದೀನಲ್ಲ."

"ದೊಡ್ಡ ಮಾತು ತಾತ. ನಿಧಾನವಾಗಿ ಕೂತು ಆಡ್ಬೇಕು," ಎಂದು ಬ್ಯಾಗು ಎತ್ತಿಕೊಂಡೆ. ಅವರು ತಲೆಯಾಡಿಸಿದರು. ಮೂರು ವಾರಕ್ಕೆ ತೀರಿಕೊಂಡರೆಂಬ ಸುದ್ದಿ ಬಂತು.

ಆಮೇಲೆ ನಾನೂ ಹೆಡ್‌ಮಿಸ್ಟ್ರೆಸ್ ಆದೆ. ಕಂಗೆಟ್ಟು ಕೂತ ಹೊಸ ಟೀಚರುಗಳ ಮುಂದೆ ನೀರಿಟ್ಟು, ಈಗ ಯಾವ ಪಿರೀಡು ಎಂದು ಕೇಳುತ್ತಿದ್ದೆ. ಎಷ್ಟೋ ಜನಕ್ಕೆ ಅದರಿಂದ ಒಳ್ಳೆಯದಾಯಿತು. ನನ್ನ ಬೀಳ್ಕೊಡುಗೆಯ ದಿನ ಅದನ್ನೇ ನೆನೆದು, ಇದು ಮೇಡಂ ಅವರ ಮಾತು ಎಂದು ಹೊಗಳಿದರು. ಆಗಲೂ ಸುಮ್ಮನೆ ಕೂತಿದ್ದೆ. ಅದು ನನ್ನ ಮಾತಲ್ಲ, ತಾತನದು. ಅಂದು ಗಂಟೆ ಹೊಡೆಸಿದವಳು ನಾನು.

ಆ ಭಾನುವಾರ ಭೀಮನಬೀಡಿನಿಂದ ಆರು ಗಂಟೆಗೆ ಇನ್ನೊಂದು ಬಸ್ಸಿತ್ತು. ಅದು ನನಗೆ ಗೊತ್ತಿತ್ತು.