ನಾಲ್ಕು ಕೋರ್, ಎಂಟು ಕೋರ್ ಮತ್ತು ಒಂದು ಕುಲಾವಿ

ಟ್ರಂಕಿನ ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಬಡಿದದ್ದು ನುಸಿಗುಳಿಗೆಯ ವಾಸನೆ. ಅದರ ಅಡಿಯಿಂದ ಮೆಲ್ಲಗೆ ಇನ್ನೊಂದು ವಾಸನೆ ಬಂತು, ಗಂಜಿ ಹೋಗದ ಹೊಸ ಬಟ್ಟೆಯದು. ಹೊಸ ಡೆಸ್ಕ್‌ಟಾಪಿಗೆ ಜಾಗ ಮಾಡೋಣವೆಂದು ಹಳೇ ಕಂಪ್ಯೂಟರ್ ಮೇಜನ್ನು ಸರಿಸಿ, ಕೆಳಗಿದ್ದ ಟ್ರಂಕನ್ನು ಹೊರಗೆ ಎಳೆದಿದ್ದೆ. ಎಲ್ಲಕ್ಕಿಂತ ತಳದಲ್ಲಿ, ಮದುವೆ ಸೀರೆಯ ಮಡಿಕೆಯೊಳಗೆ, ನೀಲಿ ಚೌಕಳಿ ಬಟ್ಟೆಯ ಪುಟ್ಟ ಕುಲಾವಿ ಸಿಕ್ಕಿತು. ಮಗಳು ಹುಟ್ಟಿದಾಗ ಬಂದದ್ದು. ಬಟ್ಟೆ ಒರಟು ಎಂದು ನಮ್ಮತ್ತೆ ಅದನ್ನು ಒಂದು ದಿನವೂ ಮಗುವಿನ ತಲೆಗೆ ಹಾಕಲು ಬಿಟ್ಟಿರಲಿಲ್ಲ.

ಒಂದು ವಾರದಿಂದ ನಮ್ಮ ಮನೆಯಲ್ಲಿ ಪ್ರೊಸೆಸರ್ ಜಗಳ. ಬೊಮ್ಮನಹಳ್ಳಿಯ ಈ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಕೂತು ನಾನು ಸಣ್ಣಪುಟ್ಟ ಗಾರ್ಮೆಂಟ್ಸ್‌ನವರಿಗೆ ಮಾರ್ಕರ್ ಹಾಕಿಕೊಡುತ್ತೇನೆ. ಮಾರ್ಕರ್ ಅಂದರೆ ದೊಡ್ಡ ವಿದ್ಯೆಯೇನಲ್ಲ. ಶರ್ಟಿನ ಬೆನ್ನು, ಎದೆ, ತೋಳು, ಕಾಲರುಗಳನ್ನು ಬಟ್ಟೆಯ ಅಗಲಕ್ಕೆ ಒತ್ತೊತ್ತಾಗಿ ಜೋಡಿಸಿದ ನಕ್ಷೆ. ಅದನ್ನು ಇಟ್ಟುಕೊಂಡು ಬಟ್ಟೆ ಕತ್ತರಿಸುತ್ತಾರೆ. ಜೋಡಣೆ ಸಡಿಲವಾದರೆ ಬಟ್ಟೆ ಚಿಂದಿಗೆ ಹೋಗುತ್ತದೆ, ಬೈಗುಳ ನನಗೆ ಬರುತ್ತದೆ. ಹಳೇ ಕಂಪ್ಯೂಟರ್ ಅರ್ಧ ಮಾರ್ಕರಿಗೆ ಸುಸ್ತಾಗಿ ನಿಂತುಬಿಡುತ್ತಿತ್ತು. ಅಂಗಡಿಯವನು ಎರಡು ಪ್ರೊಸೆಸರ್ ಹೇಳಿದ್ದ, ಒಂದು ಸಾಧಾರಣದ್ದು, ಇನ್ನೊಂದು ಭಾರಿಯದು. ಗಂಡ ಸಾಧಾರಣದ ಪಕ್ಷ, ಎಂಟನೇ ಕ್ಲಾಸಿನ ಮಗಳು ಭಾರಿಯ ಪಕ್ಷ. ಸಂಜೆ ಫೋನ್ ಮಾಡುತ್ತೇನೆ, ಒಂದು ಮಾತು ಹೇಳಿಬಿಡಿ ಮೇಡಂ ಎಂದಿದ್ದ ಅಂಗಡಿಯವನು. ದಿನವೆಲ್ಲ ಇದೇ ಕೆಲಸ ಮಾಡುವವಳು ನಾನು, ನನಗೇ ಯಾವುದೆಂದು ತೀರ್ಮಾನಿಸಲಾಗುತ್ತಿರಲಿಲ್ಲ.

ಕುಲಾವಿ ಹಿಡಿದು ನೆಲದ ಮೇಲೆ ಕೂತುಬಿಟ್ಟೆ. ಪ್ರೊಸೆಸರ್ ಆರಿಸುವುದನ್ನು ನಾನು ಹಿಂದೊಮ್ಮೆ ನೋಡಿದ್ದೆ. ಆವತ್ತು ಆರಿಸಿದವರು ನಮ್ಮ ಫ್ಯಾಕ್ಟರಿಯ ಕಟಿಂಗ್ ಮಾಸ್ಟ್ರು...

ಹೊಸೂರು ರಸ್ತೆಯ ಹಿಂದಿನ ಗಲ್ಲಿಯಲ್ಲಿದ್ದ ಆ ಶರ್ಟು ಫ್ಯಾಕ್ಟರಿಗೆ ನಾನು ಸೇರಿದಾಗ ಮಾಸ್ಟ್ರಿಗೆ ತಲೆ ಪೂರ್ತಿ ಬೆಳ್ಳಗಾಗಿತ್ತು. ಆನೇಕಲ್ ಕಡೆಯವರು. ಮಾರ್ಕರನ್ನು ಕೈಯಲ್ಲೇ ಬರೆಯುತ್ತಿದ್ದರು. ಉದ್ದನೆಯ ಕಾಗದ ಹಾಸಿ, ರಟ್ಟಿನ ಅಚ್ಚುಗಳನ್ನು ಆ ಕಡೆ ಈ ಕಡೆ ತಿರುಗಿಸಿ, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಗೊಣಗುತ್ತಾ ನಿಲ್ಲುವರು. ನಾನು ಪಕ್ಕದ ಮೇಜಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಅವರ ಅಚ್ಚುಗಳಿಂದ ಚಿಕ್ಕ ಸೈಜು ದೊಡ್ಡ ಸೈಜು ಮಾಡಿಕೊಡುತ್ತಿದ್ದೆ. ನನಗೂ ಅವರಿಗೂ ಎಣ್ಣೆ ಸೀಗೇಕಾಯಿ. ಅವರಿಗೆ ನನ್ನ ಕಂಪ್ಯೂಟರ್ ಬರೀ "ಡಬ್ಬ". ನಾನು ಬರೀ "ಕಂಪ್ಯೂಟ್ರಮ್ಮ". ನಾನೂ ಬಿಡುತ್ತಿರಲಿಲ್ಲ. ಡಬ್ಬಕ್ಕೆ ಬಿ.ಪಿ. ಇಲ್ಲ, ಕೈ ನಡುಗಲ್ಲ ಮಾಸ್ಟ್ರೇ ಎಂದು ಚುಚ್ಚುತ್ತಿದ್ದೆ. ಅವರಿಗೆ ಎರಡೂ ಇದ್ದವು.

ಆದರೆ ಒಂದು ವಿಷಯದಲ್ಲಿ ಫ್ಯಾಕ್ಟರಿಯ ಹೆಂಗಸರೆಲ್ಲ ಮಾಸ್ಟ್ರ ಕಡೆಗೇ. ಕೈ ಮಾರ್ಕರಿನಲ್ಲಿ ಎಷ್ಟು ಒತ್ತಿ ಜೋಡಿಸಿದರೂ ತೋಳಿನ ಕಂಕುಳ ಹತ್ತಿರ ಅಂಗೈಯಗಲ ಬಟ್ಟೆ ಉಳಿಯುತ್ತಿತ್ತು. ಅದು ಚಿಂದಿಯ ಮೂಟೆಗೆ ಹೋಗುವಂಥದ್ದು. ಹೊಲಿಯುವ ಸಾಲಿನಲ್ಲಿ ಯಾರಾದರೂ ಬಸುರಿಯಾದರೆ ಮಾಸ್ಟ್ರು ಆ ಚೂರುಗಳಲ್ಲಿ ಒಂದೆರಡನ್ನು ಎತ್ತಿಟ್ಟುಕೊಂಡು, ಅಲ್ಲೇ ಕತ್ತರಿಯಲ್ಲಿ ಕುಲಾವಿ ಕತ್ತರಿಸಿ, ಮನೆಯಲ್ಲಿ ಹೊಲಿದು, ಮಗು ಹುಟ್ಟಿದ ಮೇಲೆ ಕಳಿಸುವರು. ಆ ಕುಲಾವಿ ಚೂರುಗಳನ್ನು ಬಿಟ್ಟರೆ ಫ್ಯಾಕ್ಟರಿಯ ಒಂದು ನೂಲೂ ಮನೆಗೆ ಒಯ್ಯುವ ಮನುಷ್ಯ ಅಲ್ಲ. ಮಾಸ್ಟ್ರು ಸಣ್ಣ ಕತ್ತರಿ ಹಿಡಿದರೆ ಸಾಕು, ಯಾರೇ ಅದು, ಯಾರೇ ಅದು ಎಂದು ಸಾಲಿನುದ್ದಕ್ಕೂ ಪಿಸುಪಿಸು ನಗು.

ಆ ವರ್ಷ ನನ್ನ ಕಂಪ್ಯೂಟರ್ ಕೈಕೊಟ್ಟಿತು. ಹೊಸದು ತರಿಸಲೇಬೇಕಾಯಿತು. ಬಟ್ಟೆ ಕೊಡುವ ಪಾರ್ಟಿಯವರು ಮಾರ್ಕರೂ ಕಂಪ್ಯೂಟರಿನಲ್ಲೇ ಆಗಬೇಕು ಎಂದು ಹಟ ಹಿಡಿದಿದ್ದರಿಂದ ಓನರ್ ಅದರ ಸಾಫ್ಟ್‌ವೇರನ್ನೂ ಕೊಳ್ಳುವವರಿದ್ದರು. ಕಂಪ್ಯೂಟರ್ ಕಂಪನಿಯ ಹುಡುಗ ಪರೀಕ್ಷೆಗೆಂದು ಎರಡು ಡೆಸ್ಕ್‌ಟಾಪ್ ತಂದಿಟ್ಟು ಹೋದ. ಎರಡೂ ನೋಡಲು ಒಂದೇ, ಪ್ರೊಸೆಸರ್ ಮಾತ್ರ ಬೇರೆ. ಒಂದರಲ್ಲಿ ನಾಲ್ಕು ಕೋರ್, ಇನ್ನೊಂದರಲ್ಲಿ ಎಂಟು. "ನಾಲ್ಕು ಜನ ಕೂತು ಜೋಡ್ಸೋದಕ್ಕೂ ಎಂಟು ಜನ ಕೂತು ಜೋಡ್ಸೋದಕ್ಕೂ ವ್ಯತ್ಯಾಸ ಇರುತ್ತಲ್ಲ ಮೇಡಂ, ಅಷ್ಟೇ" ಎಂದು ಅವನು ನನಗೆ ತಿಳಿಸಿ ಹೇಳಿದ್ದ.

ಓನರ್ ನಮ್ಮಿಬ್ಬರನ್ನೂ ಒಟ್ಟಿಗೇ ನಿಲ್ಲಿಸಿಕೊಂಡರು. ಮಾತು ಬಹಳ ಮೆತ್ತಗಿತ್ತು.

"ಮಾಸ್ಟ್ರೇ, ನೀವು ಹಿರಿಯರು. ಚಿಕ್ಕ ಪ್ರೊಸೆಸರ್ ತಗೊಂಡ್ರೆ ಅದು ಹಾಕಿದ್ದನ್ನ ಕೈಯಲ್ಲಿ ತಿದ್ದೋಕೆ ನೀವು ಬೇಕು. ಬಟನ್ ಒತ್ತೋದು ನೀವೇ ಕಲ್ತ್ಕೊಳ್ತೀರ. ದೊಡ್ಡದು ತಗೊಂಡ್ರೆ ತಿದ್ದೋದೇ ಇರಲ್ಲ, ನೋಡ್ಕೊಳ್ಳೋಕೆ ಈಯಮ್ಮ ಸಾಕು. ಇಬ್ರನ್ನೂ ಇಟ್ಕೊಳ್ಳೋದು ನನ್ ಕೈಲಿ ಆಗಲ್ಲ. ನಾಳೆ ಎರಡ್ರಲ್ಲೂ ಹಾಕಿ ನೋಡಿ. ಬಟ್ಟೆ ಗೊತ್ತಿರೋರು ನೀವು, ನೀವೇ ಹೇಳ್ಬಿಡಿ."

ಎಂಥ ಜನ ಇರುತ್ತಾರೆ ನೋಡಿ. ಅಷ್ಟು ವರ್ಷ ದುಡಿದವರನ್ನು ತೆಗೆದ ಕೆಟ್ಟ ಹೆಸರು ತನಗೆ ಬರಬಾರದು, ಅದಕ್ಕೆ ಅವರ ಬಾಯಿಂದಲೇ ಹೇಳಿಸುವುದು. ನನಗೆ ಮೈ ಉರಿದುಹೋಯಿತು. ಆದರೆ ಉರಿಯನ್ನು ನುಂಗಿಕೊಳ್ಳಬೇಕಾದ ಸ್ಥಿತಿ ನನ್ನದು. ನನಗೆ ಆಗ ಮೂರನೇ ತಿಂಗಳು. ಗಂಡನಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ, ಹೆತ್ತ ತಾಯಿಗೂ ಕೂಡ. ಬಸುರಿ ಎಂದು ಗೊತ್ತಾದ ಕೂಡಲೇ ಏನಾದರೂ ನೆಪ ತೆಗೆದು ಕಳಿಸುವ ಅಭ್ಯಾಸ ಆ ಓನರಿಗಿತ್ತು. ಹೊಟ್ಟೆ ಕಾಣುವವರೆಗೆ ಯಾವ ಹೆಂಗಸೂ ಬಾಯಿ ಬಿಡುತ್ತಿರಲಿಲ್ಲ. ಗಂಡ ಎಲೆಕ್ಟ್ರಾನಿಕ್ ಸಿಟಿಯ ಕಾಂಟ್ರಾಕ್ಟು ಕೆಲಸ ಮುಗಿದು ಮನೆಯಲ್ಲಿ ಕೂತಿದ್ದರು. ಕೆಲಸದಲ್ಲಿ ಇದ್ದರೆ ಹೆರಿಗೆ ರಜೆ, ರಜೆಯ ಸಂಬಳ, ಆಸ್ಪತ್ರೆಯ ಖರ್ಚು. ಇಲ್ಲದಿದ್ದರೆ ಏನೂ ಇಲ್ಲ. ಮಾಸ್ಟ್ರು ಚಿಕ್ಕದು ಅಂದರೆ ನಾನು ಹೊರಗೆ. ಆ ಮನುಷ್ಯ ದೊಡ್ಡದು ಅನ್ನುತ್ತಾರೆಂದು ನಂಬಲು ನನಗೆ ಒಂದು ಕಾರಣವೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಪರೀಕ್ಷೆ. ಒಂದು ನೀಲಿ ಚೌಕಳಿ ಶರ್ಟಿನ ಸಣ್ಣ ಆರ್ಡರ್ ಇತ್ತು, ಬಟ್ಟೆಯನ್ನು ಒಂದೇ ಸಲ ಹಾಸಿ ಕತ್ತರಿಸಿದರೆ ಮುಗಿದುಹೋಗುವಷ್ಟು. ಮಾಲು ಅವತ್ತೇ ಹೋಗಬೇಕಾಗಿದ್ದರಿಂದ ಮಾಸ್ಟ್ರು ತಮ್ಮ ಕೈ ಮಾರ್ಕರ್ ಹಾಕಿ ಬಟ್ಟೆ ಕತ್ತರಿಸಿದರು. ಅದೇ ಶರ್ಟನ್ನು ನಾನು ಮಧ್ಯಾಹ್ನದ ಗಡುವು ಹಾಕಿ ಎರಡು ಕಂಪ್ಯೂಟರಿಗೂ ಕೊಟ್ಟೆ. ಎರಡು ಪರದೆಗಳ ಮೇಲೂ ಬೆನ್ನು, ತೋಳು, ಕಾಲರುಗಳು ತಮ್ಮಷ್ಟಕ್ಕೆ ತಾವೇ ಸರಿದಾಡತೊಡಗಿದವು. ಫ್ಯಾನುಗಳ ಸದ್ದು.

ಟೀ ಬಂತು. ಆ ದಿನಗಳಲ್ಲಿ ಟೀ ವಾಸನೆ ಸೋಕಿದರೆ ಹೊಟ್ಟೆ ತೊಳಸುತ್ತಿತ್ತು. ಲೋಟವನ್ನು ದೂರ ಸರಿಸಿದೆ.

"ಯಾಕವ್ವ, ನಿನ್ನೆನೂ ಕುಡೀನಿಲ್ಲ, ಇವತ್ತೂ ಬ್ಯಾಡ್ವಾ?" ಅಂದರು ಮಾಸ್ಟ್ರು.

"ಹಸಿವಿಲ್ಲ" ಅಂದೆ, ಪರದೆಯಿಂದ ಕಣ್ಣು ತೆಗೆಯದೆ.

ಮಧ್ಯಾಹ್ನದ ಹೊತ್ತಿಗೆ ಎರಡೂ ನಿಂತವು. ನಾಲ್ಕು ಕೋರಿನದು ಮಾಸ್ಟ್ರ ಮಾರ್ಕರಿಗಿಂತ ನಾಲ್ಕು ಬೆರಳು ಉದ್ದ ಬಂದಿತ್ತು, ಅಂದರೆ ಅಷ್ಟು ಬಟ್ಟೆ ನಷ್ಟ. ಎಂಟು ಕೋರಿನದು ಮಾಸ್ಟ್ರಿಗಿಂತ ಒಂದು ಗೇಣು ಚಿಕ್ಕದು. ಅವರು ಕನ್ನಡಕ ಏರಿಸಿ, ಬಗ್ಗಿ, ಎರಡು ಪರದೆಗಳನ್ನೂ ಬಹಳ ಹೊತ್ತು ನೋಡಿದರು. ಮುಖದಲ್ಲಿ ಏನೂ ಗೊತ್ತಾಗಲಿಲ್ಲ. ಓನರಿಗೆ ಮಾರ್ಕರ್ ಓದಲು ಬರುತ್ತಿರಲಿಲ್ಲ. ಮಾಸ್ಟ್ರು ಏನು ಹೇಳಿದರೆ ಅದೇ ತೀರ್ಪು. ನಾಲ್ಕು ಬೆರಳು ತಾನೇ ಸಾರ್, ಕೈಯಲ್ಲಿ ತಿದ್ದಿಕೊಳ್ಳೋಣ ಎಂದು ಒಂದು ಮಾತು ಸಾಕಿತ್ತು ಅವರಿಗೆ.

ಹೇಳಿಬಿಡಲೇ ಎಂದು ನೂರು ಸಲ ಅನ್ನಿಸಿತು. ಮಾಸ್ಟ್ರೇ, ನನಗೆ ಹೀಗಿದೆ, ನೋಡಿ... ಎರಡು ಸಲ ಎದ್ದೆ, ಎರಡು ಸಲವೂ ಕೂತೆ. ಅವರಿಗೂ ಹೆಂಡತಿ ಇದ್ದರು, ಮನೆಯಿತ್ತು, ಆ ವಯಸ್ಸಿನಲ್ಲಿ ಇನ್ನೊಂದು ಕಡೆ ಯಾರು ಕರೆಯುತ್ತಾರೆ. ಬೇಡಿದರೆ ಅವರ ಅನ್ನಕ್ಕೆ ಕೈ ಹಾಕಿದಂತೆ. ಬೇಡದಿದ್ದರೆ ನನ್ನದು ಹೋಗುತ್ತಿತ್ತು. ತಿರುಗಿ ನೋಡಿದರೆ ಈ ಮನುಷ್ಯ ಕಟಿಂಗ್ ಮೇಜಿನ ತುದಿಯಲ್ಲಿ ಸ್ಟೂಲಿನ ಮೇಲೆ ನನಗೆ ಬೆನ್ನು ಹಾಕಿ ಕೂತು, ಸಣ್ಣ ಕತ್ತರಿಯಲ್ಲಿ ಏನೋ ಕಚಕಚ ಕತ್ತರಿಸುತ್ತಿದ್ದಾರೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇಬ್ಬರ ಬದುಕು ತೂಗಾಡುತ್ತಿದೆ, ಇವರಿಗೆ ಚಿಂದಿ ಆಟ.

ಓನರ್ ಬಂದರು. ಮಾಸ್ಟ್ರು ಎದ್ದು ನಿಂತರು.

"ದೊಡ್ಡದೇ ತಗಳಿ ಸಾ. ಚಿಕ್ಕದು ಬಟ್ಟೆ ತಿಂತದೆ."

ಓನರ್ ಅವರ ಹತ್ತಿರ ಸರಿದರು. "ಯೋಚ್ನೆ ಮಾಡಿ ಹೇಳಿ ಮಾಸ್ಟ್ರೇ. ದೊಡ್ಡದು ಅಂದ್ರೆ..."

"ಯೋಚ್ನೆ ಮಾಡಿದ್ದಾಯ್ತು. ನಾಳಿಂದ ಬರಾಕಿಲ್ಲ ಸಾ."

ದೊಡ್ಡ ಕತ್ತರಿಯನ್ನು ಮೊಳೆಗೆ ನೇತುಹಾಕಿದರು. ಟಿಫಿನ್ ಕ್ಯಾರಿಯರ್ ಚೀಲಕ್ಕೆ ಹಾಕಿಕೊಂಡರು. ನಡೆದೇಬಿಟ್ಟರು. ನನಗೆ ಸಂತೋಷವಾಗಬೇಕಿತ್ತು. ಆದದ್ದು ಅವಮಾನ. ಸೋತು ಹೋಗುವವರು ಗೆದ್ದವರ ಹಾಗೆ ತಲೆಯೆತ್ತಿ ಹೋಗುತ್ತಿದ್ದರು. ಗೇಟಿನ ತನಕ ಹಿಂದೆಯೇ ಓಡಿದೆ.

"ಏನ್ ಮಾಸ್ಟ್ರೇ, ನನ್ಮೇಲೆ ಕರುಣೆ ತೋರಿಸಿದ್ರಾ?" ಅಂದೆ. ದನಿ ಜೋರಾಗಿಯೇ ಬಂತು.

ಅವರು ತಿರುಗಿ ನೋಡಿದರು. "ಕರ್ಣೆ ತೋರ್ಸಕ್ಕೆ ನೀನ್ಯಾರವ್ವ ನಂಗೆ? ಡಬ್ಬ ಚೆನ್ನಾಗದೆ ಅಂದೆ, ಅಷ್ಟೇಯ. ಓಗು, ಒಳಗೋಗಿ ಕೂತ್ಕ. ಇಂಗೆಲ್ಲ ಓಡಬ್ಯಾಡ."

ಅದೇ ಅವರು ನನ್ನೊಂದಿಗೆ ಆಡಿದ ಕೊನೆಯ ಮಾತು.

ನನ್ನ ಕೆಲಸ ಉಳಿಯಿತು. ಎಂಟು ಕೋರಿನ ಯಂತ್ರ ಇಲ್ಲದಿದ್ದರೆ ಓನರಿಗೆ ಕೈಕಾಲು ಆಡದಂತಾಗಿತ್ತು, ಅದನ್ನು ನಡೆಸಲು ಬರುತ್ತಿದ್ದವಳು ನಾನೊಬ್ಬಳೇ. ಹೊಟ್ಟೆ ಕಂಡಾಗಲೂ ಕಳಿಸಲಿಲ್ಲ. ಹೆರಿಗೆ ರಜೆ ಸಿಕ್ಕಿತು, ಸಂಬಳವೂ ಬಂತು. ಮಗಳ ನಾಮಕರಣಕ್ಕೆ ಚೆಕಿಂಗ್ ಸೆಕ್ಷನ್ನಿನ ಅಕ್ಕ ಬಂದಾಗ ಪೇಪರಿನಲ್ಲಿ ಸುತ್ತಿದ ಒಂದು ಕುಲಾವಿ ಕೊಟ್ಟಳು. ಮಾಸ್ಟ್ರು ಬಸ್‌ಸ್ಟಾಪಿನಲ್ಲಿ ಸಿಕ್ಕಿದ್ದರಂತೆ, ಹೆರಿಗೆಯಾದ ಸುದ್ದಿ ಕೇಳಿ ಮರುದಿನ ತಂದುಕೊಟ್ಟರಂತೆ. ಎಲ್ಲರಿಗೂ ಕೊಡುತ್ತಿದ್ದರಲ್ಲ, ನನಗೂ ಒಂದು ಎಂದುಕೊಂಡು ಟ್ರಂಕಿಗೆ ಹಾಕಿದೆ. ಹೊಸ ಯಂತ್ರ ಬಂದ ಮೇಲೆ ಫ್ಯಾಕ್ಟರಿಯಲ್ಲಿ ಕುಲಾವಿಯಷ್ಟು ಬಟ್ಟೆ ಎಲ್ಲೂ ಉಳಿಯುತ್ತಿರಲಿಲ್ಲ, ಉಳಿದದ್ದೆಲ್ಲ ಬೆರಳಗಲದ ಪಟ್ಟಿಗಳು.

ಮಾಸ್ಟ್ರು ಆಮೇಲೆ ಯಾವ ಫ್ಯಾಕ್ಟರಿಗೂ ಸೇರಲಿಲ್ಲ. ಚಂದಾಪುರದಲ್ಲಿ ಯಾವುದೋ ಕಟ್ಟಡದ ಮೆಟ್ಟಿಲ ಕೆಳಗೆ ಒಂದು ಹೊಲಿಗೆ ಯಂತ್ರ ಇಟ್ಟುಕೊಂಡು ಜಿಪ್ಪು ಹಾಕುವುದು, ಪ್ಯಾಂಟು ಗಿಡ್ಡ ಮಾಡುವುದು ನಡೆಸಿದ್ದರೆಂದು ಕೇಳಿದ್ದೆ. ಹೋಗಿ ನೋಡಬೇಕೆಂದು ಹೊರಟಾಗಲೆಲ್ಲ ಆ ಮಾತು ಅಡ್ಡ ಬರುತ್ತಿತ್ತು. ನೀನ್ಯಾರವ್ವ ನಂಗೆ... ಸರಿ, ಯಾರೂ ಅಲ್ಲದವಳು ಯಾಕೆ ಹೋಗಲಿ ಎಂದು ಬಿಗಿದುಕೊಂಡೇ ಇದ್ದೆ. ಒಂದು ದಿನ ಅದೇ ಅಕ್ಕ ಫೋನ್ ಮಾಡಿ ಮಾಸ್ಟ್ರು ಹೋಗಿಬಿಟ್ಟರು ಕಣೇ ಅಂದಳು. ಆವತ್ತು ನಾನು ಅತ್ತ ನೆನಪಿಲ್ಲ.

ಇದನ್ನೆಲ್ಲ ಇವತ್ತು ಟ್ರಂಕಿನ ಮುಂದೆ ಕೂತು ಮಗಳಿಗೆ ಹೇಳಿದೆ. ಅವಳು ಕುಲಾವಿಯನ್ನು ತನ್ನ ಮುಷ್ಟಿಗೆ ತೊಡಿಸಿ ಆಡಿಸುತ್ತಿದ್ದಳು.

"ಅಮ್ಮಾ, ಒಂದು ಅರ್ಥ ಆಗ್ಲಿಲ್ಲ. ನಾನು ಹುಟ್ಟೋ ಹೊತ್ತಿಗೆ ಅವರು ಕೆಲ್ಸ ಬಿಟ್ಟಿದ್ರಲ್ಲ. ಫ್ಯಾಕ್ಟರಿ ಬಟ್ಟೆ ಹೇಗೆ ಸಿಕ್ತು?"

"ಯಾವುದೋ ಅಂಗಡೀಲಿ..." ಎಂದು ಶುರುಮಾಡಿದವಳು ಅವಳ ಮುಷ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡು ನೋಡಿದೆ.

ಅಂಗಡಿಯದಲ್ಲ. ಅದು ಆ ಚೌಕಳಿ. ಎರಡು ಪರದೆಗಳ ಮುಂದೆ ನಾನು ಕೂತಿದ್ದ ದಿನ ಮಾಸ್ಟ್ರು ಕತ್ತರಿಸಿದ ನೀಲಿ ಚೌಕಳಿ. ಆ ಬಟ್ಟೆ ಆವತ್ತೊಂದೇ ದಿನ ಮೇಜಿಗೆ ಬಂದದ್ದು, ಆವತ್ತೇ ಮುಗಿದದ್ದು, ಚಿಂದಿಯ ಮೂಟೆಯನ್ನು ಆವತ್ತೇ ಸಂಜೆ ಚಿಂದಿಯವನು ಹೊತ್ತುಕೊಂಡು ಹೋಗಿದ್ದು. ನನಗೆ ಬೆನ್ನು ಹಾಕಿ, ಸ್ಟೂಲಿನ ಮೇಲೆ ಕೂತು, ಸಣ್ಣ ಕತ್ತರಿಯಲ್ಲಿ... ಓನರ್ ಬರುವುದಕ್ಕೆ ಮುಂಚೆ. ದೊಡ್ಡದೇ ತಗಳಿ ಅನ್ನುವುದಕ್ಕೆ ಮುಂಚೆ. ನಾನು ಯಾರಿಗೂ ಹೇಳದೆ ಇಟ್ಟುಕೊಂಡದ್ದು ಅವರಿಗೆ ಗೊತ್ತಿತ್ತು. ಸರಿಸಿಟ್ಟ ಟೀ ಲೋಟ ನೋಡಿಯೇ ಗೊತ್ತಾಗಿತ್ತು. ಒಳಗೋಗಿ ಕೂತ್ಕ, ಓಡಬ್ಯಾಡ ಎಂದದ್ದು ಬೈದದ್ದಲ್ಲ.

ಇಷ್ಟು ವರ್ಷ ಅದು ನನ್ನ ಮೇಜಿನ ಕೆಳಗೇ ಇತ್ತು. ಹೋಗಿ ಕೇಳೋಣವೆಂದರೆ ಮೆಟ್ಟಿಲ ಕೆಳಗೆ ಈಗ ಯಾರಿದ್ದಾರೆ...

ಫೋನ್ ಹೊಡೆದುಕೊಂಡಿತು. ಅಂಗಡಿಯವನು. ಎತ್ತಿ ಕಿವಿಗೆ ಹಿಡಿದೆ. ಹಲೋ, ಮೇಡಂ, ಯಾವ ಪ್ರೊಸೆಸರ್ ಹಾಕ್ಲಿ ಎಂದು ಆ ಕಡೆಯಿಂದ ಕೇಳುತ್ತಲೇ ಇದ್ದ. ಮಗಳು ನನ್ನ ಕೈಯಿಂದ ಫೋನ್ ತೆಗೆದುಕೊಂಡಳು. ಅವಳ ಇನ್ನೊಂದು ಕೈಯ ಮುಷ್ಟಿಯ ಮೇಲೆ ಕುಲಾವಿ ಹಾಗೇ ಇತ್ತು.

"ಅಂಕಲ್, ದೊಡ್ಡದೇ ಹಾಕಿ" ಅಂದಳು. "ಅಮ್ಮ ಅಳ್ತಾ ಇದಾರೆ, ಆಮೇಲೆ ಮಾತಾಡ್ತಾರೆ."