ಬಾಯಮ್ಮ ಮತ್ತು ಹ್ಯಾಂಡ್ಲಿಂಗ್ ಚಾರ್ಜು

ಬಾಯಮ್ಮನ ಬಲಗಾಲಿನ ಚಪ್ಪಲಿ ಯಾವಾಗಲೂ ಎಡಗಾಲಿನದ್ದಕ್ಕಿಂತ ಮೊದಲು ಸವೆಯುತ್ತಿತ್ತು. ಕಾಪುವಿನಲ್ಲಿ ಅವರದ್ದು ಡ್ರೈವಿಂಗ್ ಸ್ಕೂಲು. ಕ್ರೈಸ್ತರ ಹಿರಿಯ ಹೆಂಗಸಾದ್ದರಿಂದ ಊರಿಗೆಲ್ಲ ಬಾಯಮ್ಮ. ಕಲಿಯುವವರ ಪಕ್ಕದ ಸೀಟಿನಲ್ಲಿ ಕುಳಿತು, ತಮ್ಮ ಕಾಲ ಬಳಿಯಿದ್ದ ಇನ್ನೊಂದು ಬ್ರೇಕನ್ನು ಒತ್ತಿ ಒತ್ತಿ ನಮ್ಮಂಥವರಿಂದ ಎಷ್ಟು ಕೋಳಿಗಳ ಜೀವ ಉಳಿಸಿದ್ದರೋ! ಉಚ್ಚಿಲದ ಹೆದ್ದಾರಿಯಲ್ಲಿ ಲಾರಿ ಕಂಡು ನಾನು ಕಣ್ಣು ಮುಚ್ಚಿಕೊಂಡಾಗಲೂ ಬೈಯಲಿಲ್ಲ. "ಪ್ರಾರ್ಥನೆ ನಾನು ಮಾಡ್ತೇನೆ, ನೀನು ರಸ್ತೆ ನೋಡು ಮಾರಾಯ್ತಿ" ಎಂದರು.

ಕಲಿತ ಹೆಂಗಸರೆಲ್ಲ ಅವರಿಗೆ "ನನ್ನ ಮಕ್ಕಳು". ಮಕ್ಕಳು ಕಾರು ಕೊಳ್ಳುವ ದಿನ ಉಡುಪಿಯ ಶೋರೂಮಿಗೂ ಜೊತೆಗೆ ಬರುತ್ತಿದ್ದರು. ಗಿರಾಕಿ ಕರೆತಂದದ್ದಕ್ಕೆ ಶೋರೂಮಿನವರು ಅವರಿಗೆ ಒಂದಿಷ್ಟು ದುಡ್ಡು ಕೊಡುವುದು, ತಮ್ಮ ಗಿರಾಕಿಗಳನ್ನು ಕಲಿಯಲು ಈ ಸ್ಕೂಲಿಗೆ ಕಳುಹಿಸುವುದು ಅಲ್ಲಿಯ ರೂಢಿ. ಅದು ಕಾರು ಕಂಪೆನಿ ಖುಷಿಯಿಂದ ಕೊಡುವುದೆಂದು ಬಾಯಮ್ಮ ನಂಬಿದ್ದರು.

ನನ್ನ ಕಾರಿನ ಬಿಲ್ಲಿನಲ್ಲಿ ಹ್ಯಾಂಡ್ಲಿಂಗ್ ಚಾರ್ಜೆಂದು ಕೆಲವು ಸಾವಿರ ಇತ್ತು. ಗೋಡೌನಿನಿಂದ ತಂದು ತೊಳೆದು ನಿಲ್ಲಿಸಿದ್ದಕ್ಕಂತೆ.

"ಬಂಗುಡೆ ಮೀನು ಮಾರುವವಳು ಮಲ್ಪೆಯಿಂದ ತಂದ ಟೆಂಪೊ ಬಾಡಿಗೆ ಬೇರೆ ಕೇಳ್ತಾಳಾ?" ಎಂದರು ಬಾಯಮ್ಮ. "ಅದನ್ನು ತೆಗೆಯಿರಿ."

ಮ್ಯಾನೇಜರ್ ನಕ್ಕ. "ತೆಗೆದರೆ ನಿಮ್ಮದನ್ನು ಎಲ್ಲಿಂದ ಕೊಡುವುದು ಬಾಯಮ್ಮ?"

ಅವರ ಮುಖ ಕಪ್ಪಿಟ್ಟಿತು. "ನನ್ನದು ಇದರಲ್ಲೇ ಇರುವುದಾ? ಇಷ್ಟು ವರ್ಷವೂ?"

"ಮತ್ತೆಂತ, ಕಂಪೆನಿ ಕೊಡ್ತದಾ?"

ಬಾಯಮ್ಮ ಬಿಲ್ಲನ್ನು ಅವನತ್ತ ಸರಿಸಿ, "ನನಗೆ ಬೇಡ. ಇವಳಿಂದ ತೆಗೆದುಕೊಳ್ಳುವುದೂ ಬೇಡ" ಎಂದರು. ಬಿಲ್ಲಿನಿಂದ ಅದು ಹೋಯಿತು. ಶೋರೂಮಿನಿಂದ ಬರುತ್ತಿದ್ದ ಕಲಿಯುವವರೂ ಹೋದರು. ಆ ಮಳೆಗಾಲ ಮುಗಿಯುವುದರೊಳಗೆ ಸ್ಕೂಲಿನ ಒಂದು ಕಾರನ್ನು ಮಾರಬೇಕಾಯಿತು.

ಅದನ್ನು ಅವರು ಸಹಿಸಿಕೊಂಡರು. ಸಹಿಸಲಾಗದ್ದು ಇನ್ನೊಂದಿತ್ತು. "ನನ್ನ ಮಕ್ಕಳ ಕಿಸೆಗೆ ನಾನೇ ಕೈ ಹಾಕಿದೆನಲ್ಲ" ಎನ್ನುತ್ತಿದ್ದರು. ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಅಲೆವೂರು, ಕಾರ್ಕಳ ಎಂದು ಹಳೆಯ ಶಿಷ್ಯೆಯರ ಮನೆಗೆ ಹೊರಡುವರು. ವಿಷಯ ಹೇಳಿ ಕ್ಷಮೆ ಕೇಳುವರು. ಹೆಚ್ಚಿನವರು ನಕ್ಕು ಚಾ ಕೊಟ್ಟರು. ಅಜೆಕಾರಿನ ಒಬ್ಬಳು ಮಾತ್ರ ನಗಲಿಲ್ಲವಂತೆ. "ಅವಳೇ ಸರಿ, ಉಳಿದವರು ನನ್ನ ಮೋರೆ ನೋಡಿ ಬಿಟ್ಟದ್ದು" ಎಂದರು.

ಸಿಕ್ಕ ಅಧಿಕಾರಿಗಳಲ್ಲೆಲ್ಲ ಅವರದ್ದು ಒಂದೇ ಬೇಡಿಕೆ. ಶೋರೂಮಿನವರು ಏನೇನು ತೆಗೆದುಕೊಳ್ಳಬಹುದು, ಏನು ಕೂಡದು ಎಂದು ಸರಕಾರವೇ ಅವರ ಗೋಡೆಯ ಮೇಲೆ ಬರೆಸಬೇಕು. "ಗುರುತಿನವರ ಜೊತೆ ನಾನು ಹೋದೇನು. ಗುರುತಿಲ್ಲದವರ ಜೊತೆ ಯಾರು ಹೋಗುವುದು?" ಒಳ್ಳೆಯವರೊಬ್ಬರು ಪಕ್ಕದಲ್ಲಿದ್ದರೆ ಸಾಕೆಂದುಕೊಂಡಿದ್ದ ನನಗೆ ಆ ಮಾತು ನಾಟಿತು. ಅಂಥ ಬೋರ್ಡನ್ನು ನಾನಿನ್ನೂ ಎಲ್ಲೂ ಕಂಡಿಲ್ಲ.

ಕಳೆದ ವರ್ಷ ಬಾಯಮ್ಮ ತೀರಿಕೊಂಡರು. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು, ಗಲ್ಫಿಗೆ ಹೋದವರನ್ನು, ಮದುವೆಯಾಗಿ ಊರು ಬಿಟ್ಟವರನ್ನು ಒಬ್ಬೊಬ್ಬರನ್ನಾಗಿ ನೆನೆದು, "ಅವರಿಗೆಲ್ಲ ಹೇಳಲಿಕ್ಕೆ ಆಗ್ಲಿಲ್ಲ" ಎಂದು ಅತ್ತಿದ್ದರು. ಅವರೆಲ್ಲ ಎಲ್ಲಿದ್ದಾರೋ ನನಗೂ ಗೊತ್ತಿಲ್ಲ. ಕಾಪುವಿನಲ್ಲಿ ಬಾಯಮ್ಮನ ಪಕ್ಕ ಕುಳಿತು ಸ್ಟೇರಿಂಗ್ ಹಿಡಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ಬಾಯಮ್ಮ ನಿಮ್ಮಲ್ಲಿ ಕ್ಷಮೆ ಕೇಳಿದ್ದಾರೆ.