ನಂಜುಂಡಯ್ಯನ ಮನೆ ಬಾಗಿಲು

ಹೊಂಗನೂರಿನ ನಂಜುಂಡಯ್ಯ ದನದ ದಲ್ಲಾಳಿ. ಕನಕಪುರದ ಕಡೆ ದನ ನೋಡಲು ಹೊರಟರೆ ಕೋಡಿಹಳ್ಳಿಯ ಸರಸಮ್ಮನ ಮನೆಯಲ್ಲೇ ಅವನ ಬಿಡಾರ. ಮೊದಲ ಸಲ ಬಸ್ಸು ತಪ್ಪಿ, ಗುರುತು ಪರಿಚಯವಿಲ್ಲದೆ ಬಂದವನು ಹನ್ನೊಂದು ವರ್ಷ ಬರುತ್ತಲೇ ಇದ್ದ. ಮುದ್ದೆ ಮುರಿಯುತ್ತಾ ಸಾರಿಗೆ ಉಪ್ಪು ಕಮ್ಮಿ ಅನ್ನುವುದು, ಕಂಬಳಿ ಚುಚ್ಚುತ್ತದೆ ಅನ್ನುವುದು, ಸ್ನಾನಕ್ಕೆ ನೀರು ಕಾದಿಲ್ಲವೆಂದು ಮುಖ ಗಂಟು ಹಾಕುವುದು, ಎಲ್ಲವೂ ಹಕ್ಕಿನಿಂದ. ಹೊರಡುವಾಗ ಮಾತ್ರ ಮಾತೆಲ್ಲ ಜೇನು.

"ನಮ್ಮೂರ್ ಕಡೆ ಬಂದ್ರೆ ನಮ್ಮನೇಗೇ ಬರ್ಬೇಕು ಕಣಕ್ಕ. ಇಲ್ದಿದ್ರೆ ನಾನ್ ಮಾತಾಡಕಿಲ್ಲ."

ಸರಸಮ್ಮ, ಪಾಪ, ನಂಬಿದಳು.

ಎಂಬತ್ತೆರಡನೇ ಇಸವಿಯಲ್ಲಿ ಅವಳ ಗಂಡ ಬೋರಲಿಂಗಯ್ಯನ ಕಣ್ಣಿಗೆ ಪೊರೆ ಬಂತು. ಆಪರೇಷನ್‌ಗೆ ಬೆಳಿಗ್ಗೆ ಆರಕ್ಕೆಲ್ಲ ಚನ್ನಪಟ್ಟಣದ ಆಸ್ಪತ್ರೆಯಲ್ಲಿರಬೇಕು. ಕೋಡಿಹಳ್ಳಿಯಿಂದ ಅಷ್ಟು ಹೊತ್ತಿಗೆ ಬಸ್ಸೆಲ್ಲಿ? ಹಿಂದಿನ ಸಂಜೆಯೇ ಗಂಡನ ಕೈ ಹಿಡಿದುಕೊಂಡು ಚನ್ನಪಟ್ಟಣದ ಹತ್ತಿರವೇ ಇದ್ದ ಹೊಂಗನೂರಿನಲ್ಲಿ ಇಳಿದಳು. ನಂಜುಂಡಯ್ಯನ ಮನೆಗೆಂದು ಚೀಲದ ತುಂಬ ಅವರೆಕಾಯಿ ಬೇರೆ ತಂದಿದ್ದಳು.

ನಂಜುಂಡಯ್ಯ ಬಾಗಿಲಿಗೆ ಅಡ್ಡ ನಿಂತ. "ಅಯ್ಯೋ, ಎಂಥ ಹೊತ್ನಲ್ಲಿ ಬಂದ್ರಕ್ಕ! ಮನೆ ತುಂಬ ರೇಷ್ಮೆ ಹುಳ, ನಾಲ್ಕನೇ ಜ್ವರ ಬಂದು ಚರ್ಮ ಕಳಚ್ತಾ ಅವೆ. ಹೊರಗ್ನೋರ್ನ ಒಳೀಕೆ ಬುಟ್ರೆ ಹುಳಕ್ಕೆ ಕಾಯ್ಲೆ ಬತ್ತದೆ."

ಹೀಗಂದವನೇ ಬೀಡಿಯ ದಮ್ಮೆಳೆದು ಹೊಗೆಯನ್ನು ನಡುಮನೆಯ ಕಡೆಗೇ ಬಿಟ್ಟ.

ಸರಸಮ್ಮ ಇಪ್ಪತ್ತು ವರ್ಷ ಹುಳ ಮೇಯಿಸಿದವಳು. ಹೊಗೆಸೊಪ್ಪಿನ ಘಾಟು ತಾಕಿದರೆ ಹುಳ ಸಾಯುತ್ತದೆಂದು ಹುಳದ ಮನೆಯ ಕೂಸಿಗೂ ಗೊತ್ತು. ಸುಳ್ಳು ಹೇಳುವ ಗಂಡಸಿಗೆ ಬೀಡಿ ಬಿಸಾಕುವಷ್ಟಾದರೂ ಬುದ್ಧಿ ಬೇಡವೇ? ಅವಳಿಗೆ ಮೈ ಉರಿದುಹೋಯಿತು. ಗಂಡನನ್ನು ಕರೆದುಕೊಂಡು ಬಸ್‌ಸ್ಟಾಪಿಗೆ ವಾಪಸು ಬಂದಳು. ಚನ್ನಪಟ್ಟಣದಲ್ಲಿ ಎಲ್ಲಿ ಮಲಗುವುದೋ ಗೊತ್ತಿರಲಿಲ್ಲ.

ಬೊಂಬೆ ಮಾಡುವ ಮರ ಕೊಳ್ಳಲು ಬಂದಿದ್ದ ಚನ್ನಪಟ್ಟಣದ ಜಹೀದಾ ಅಲ್ಲಿ ಬಸ್ಸಿಗೆ ಕಾಯುತ್ತಿದ್ದಳು. ಸಂಗತಿ ಕೇಳಿದವಳೇ, "ನಮ್ಮನೆ ಐತಲ್ಲ, ಬನ್ನಿ" ಅಂದಳು. ಬೊಂಬೆ ಕಡೆಯುವ ಕೋಣೆ ಗುಡಿಸಿ ಚಾಪೆ ಹಾಸಿಕೊಟ್ಟಳು. ಬೆಳಿಗ್ಗೆ ಆಸ್ಪತ್ರೆಗೂ ಜೊತೆಗೆ ಬಂದಳು.

ಆರು ತಿಂಗಳ ಮೇಲೆ ಜಹೀದಾ ಕೋಡಿಹಳ್ಳಿಗೆ ಬಂದಿದ್ದಾಗ, ಆ ನಾಚಿಕೆಗೆಟ್ಟ ನಂಜುಂಡಯ್ಯನೂ ಏನೂ ಆಗದವನಂತೆ ಬಂದು ಮಣೆ ಎಳೆದುಕೊಂಡು ಕೂತ. ಸರಸಮ್ಮ ಮುದ್ದೆ ಇಟ್ಟಳು.

ಅವನು ಜಹೀದಾಳನ್ನು ನೋಡಿ, "ಇವ್ರ್ಯಾರಕ್ಕ?" ಅಂದ.

"ನಮ್ಮ ನೆಂಟ್ರು."

"ಅವ್ರು ಯಾರು?" ಎಂದು ಜಹೀದಾ ಮೆಲ್ಲಗೆ ಕೇಳಿದಳು.

ಸರಸಮ್ಮ ಅವನ ತಟ್ಟೆಗೆ ಸಾರು ಬಿಡುತ್ತಾ ಹೇಳಿದಳು: "ಗೊತ್ತಿಲ್ಲ ಕಣವ್ವ. ಯಾರೋ ದಾರೀಲಿ ಹೋಗೋರು, ಹಸ್ಕೊಂಡು ಬಂದವ್ರೆ."